ಪಾಲಿಶ್ ಬಟ್ಟೆ ತುಂಬಿದ ಚೀಲ ಕಾರಿನೊಳಗೆ ತಾನಾಗಿಯೇ ಹೊತ್ತಿಕೊಳ್ಳುತ್ತದೆಯೇ?

ಪ್ರಶ್ನೆ: ಸರ್, ಆಲ್ದೂರಿನ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹಳೇ ತೊಟ್ಟಿಮನೆಯಲ್ಲೇ ಹೋಂಸ್ಟೇ ನಡೆಸುತ್ತಿದ್ದೇವೆ. ಹೋದ ವಾರ ಮನೆಯ ಕಂಬ, ಬಾಗಿಲು, ಕಿಟಕಿಗಳಿಗೆ ಪಾಲಿಶ್ ಮಾಡಿಸಿದೆವು. ಆಚಾರ್ರು ಡಬಲ್ ಬಾಯಿಲ್ಡ್ ಅಗಸೆ ಎಣ್ಣೆಗೆ ಟರ್ಪೆಂಟೈನ್ ಬೆರೆಸಿ, ಬನಿಯನ್ ಬಟ್ಟೆಯಲ್ಲಿ ಅದ್ದಿ ಉಜ್ಜಿದರು. ಸಂಜೆ ಆ ಬಟ್ಟೆಗಳನ್ನು ಗೊಬ್ಬರದ ಚೀಲಕ್ಕೆ ತುರುಕಿ, ಪೇಟೆಯಲ್ಲಿ ಕಸದ ಗಾಡಿಗೆ ಹಾಕೋಣ ಅಂತ ಕಾರಿನ ಡಿಕ್ಕಿಯಲ್ಲಿ ಇಡಿಸಿದೆ. ಅರ್ಧ ಚೀಲ ಕಾಫಿ ಗೋಡೌನಿನ ಮೂಲೆಯಲ್ಲೇ ಉಳಿಯಿತು. ಮಾರನೇ ದಿನ ಹಾಸನದಲ್ಲಿ ಮದುವೆ. ಬೇಲೂರು ದಾಟುವಾಗ ಕಾರಿನಲ್ಲಿ ಒಂಥರಾ ಕಮಟು ವಾಸನೆ ಬಂತು. ಪಾಲಿಶ್ ವಾಸನೆ ಇರಬೇಕು ಅಂದುಕೊಂಡು ಸುಮ್ಮನಾದೆ. ಹತ್ತು ಗಂಟೆಗೆ ಕಲ್ಯಾಣ ಮಂಟಪದ ಎದುರು ಬಿಸಿಲಲ್ಲಿ ಕಾರು ನಿಲ್ಲಿಸಿದೆವು. ಊಟ ಮುಗಿಸಿ ಒಂದೂವರೆಗೆ ಬಂದು ನೋಡಿದರೆ ಗಾಜೆಲ್ಲ ಒಳಗಿನಿಂದ ಕಪ್ಪಾಗಿತ್ತು, ಬಾಗಿಲ ಸಂದಿಯಲ್ಲಿ ಹೊಗೆ. ಯಾರೋ ಕಲ್ಲಿನಿಂದ ಗಾಜು ಒಡೆದರು. ಒಡೆದದ್ದೇ ತಡ, ಭಗ್ ಎಂದು ಉರಿ ಎದ್ದಿತು. ಹೇಗೋ ನೀರು ಹೊಯ್ದು ಆರಿಸಿದರು. ಹಿಂದಿನ ಸೀಟು, ಡಿಕ್ಕಿ, ಮೇಲಿನ ಬಟ್ಟೆ ಎಲ್ಲ ಹೋಯಿತು. ಗ್ಯಾರೇಜಿನವರು ವೈರಿಂಗ್ ಶಾರ್ಟ್ ಅನ್ನುತ್ತಾರೆ. ಡ್ರೈವರ್ ಹುಡುಗ ಬೀಡಿ ಸೇದಿ ಎಸೆದಿರಬೇಕು ಅಂತ ನನ್ನ ಮೈದುನ ಅವನನ್ನು ಕೆಲಸಕ್ಕೆ ಬರಬೇಡ ಅಂದಿದ್ದಾನೆ. ದೃಷ್ಟಿ ತಾಗಿದೆ, ಕಾರು ಮಾರಿಬಿಡಿ ಅನ್ನುವುದು ಅತ್ತೆಯವರ ಮಾತು. ಆಚಾರ್ರು ಮೂವತ್ತು ವರ್ಷದಿಂದ ಪಾಲಿಶ್ ಮಾಡುತ್ತಿದ್ದಾರೆ, ಇಂಥದ್ದು ಕಂಡೇ ಇಲ್ಲವಂತೆ. ಬೆಂಕಿ ಸೋಕದೆ ಬಟ್ಟೆ ಹೊತ್ತಿಕೊಳ್ಳುವುದುಂಟೇ? ಜೀಪಿನಲ್ಲಿ ಸದಾ ಇರುವ ಎಂಜಿನ್ ಆಯಿಲ್ ಬಟ್ಟೆ, ಅಡುಗೆಮನೆಯ ಎಣ್ಣೆ ಬಟ್ಟೆ ಇವೂ ಅಪಾಯವೇ? ಇನ್ಶೂರೆನ್ಸ್ ಸಿಗುತ್ತದೆಯೇ? ಇನ್ನೂ ಎರಡು ಬಾಗಿಲಿನ ಪಾಲಿಶ್ ಬಾಕಿ ಇದೆ.

ಉತ್ತರ: ಮೊದಲು ಗೋಡೌನಿನಲ್ಲಿರುವ ಆ ಅರ್ಧ ಚೀಲ. ಇದನ್ನು ಓದುವುದು ನಿಲ್ಲಿಸಿ, ಯಾರನ್ನಾದರೂ ಕಳಿಸಿ ಅದನ್ನು ಅಂಗಳಕ್ಕೆ ತರಿಸಿ. ಗೋಡೆ, ಸೌದೆ, ಗಾಡಿಗಳಿಂದ ದೂರ ಸುರಿದು ಎರಡು ಕೊಡ ನೀರು ಹೊಯ್ಯಲಿ. ವಾರವಾದರೂ ಏನೂ ಆಗಿಲ್ಲ ಎಂದರೆ ಬಹುಮಟ್ಟಿಗೆ ಇನ್ನು ಆಗಲಾರದು. ಆದರೆ ಒತ್ತಿ ತುಂಬಿದ ಚೀಲದ ನಡುವಿನ ಬಟ್ಟೆ ಇನ್ನೂ ಹಸಿಯಾಗಿರಬಹುದು. ಅದಕ್ಕೆ ಇಷ್ಟು ದಿನ ಸಿಗದ ಗಾಳಿ ಚೀಲ ಬಿಚ್ಚಿದಾಗ ಸಿಗುತ್ತದೆ. ಕಾಫಿ, ಗೋಣಿಚೀಲ, ಮರದ ಅಟ್ಟ ಇರುವ ಜಾಗದಲ್ಲಿ ಅದನ್ನು ಇನ್ನೊಂದು ರಾತ್ರಿ ಇಡಬೇಡಿ.

ಈಗ ನಿಮ್ಮ ಪ್ರಶ್ನೆ. ಹೌದು, ಹೊತ್ತಿಕೊಳ್ಳುತ್ತದೆ. ಕಡ್ಡಿ ಬೇಡ, ಬೀಡಿ ಬೇಡ, ವೈರೂ ಬೇಡ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿ 26 ವರ್ಷ ಸುಟ್ಟ ಗಾಡಿಗಳನ್ನು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ವೈರಿಂಗಿನಿಂದ, ಪೆಟ್ರೋಲ್ ಸೋರಿಕೆಯಿಂದ ಸುಟ್ಟವು. ನಿಮ್ಮ ಕಾರಿನಂಥವು ಕಡಿಮೆ. ಆದರೆ ನೀವು ಬರೆದ ಒಂದೊಂದು ವಿವರವೂ, ಬೇಲೂರಿನ ಹತ್ತಿರ ಬಂದ ಆ ಕಮಟು ವಾಸನೆಯೂ ಸೇರಿ, ಚೀಲದ ಕಡೆಗೇ ಬೆರಳು ತೋರಿಸುತ್ತದೆ.

ಜನ ನಂಬದಿರಲು ನಮ್ಮ ಮಾತಿನಲ್ಲೇ ಒಂದು ಕಾರಣವಿದೆ. ಒದ್ದೆ ಬಟ್ಟೆ ಒಣಗಿತು ಅನ್ನುತ್ತೇವೆ, ಪಾಲಿಶ್ ಒಣಗಿತು ಎಂದೂ ಅನ್ನುತ್ತೇವೆ. ಪದ ಒಂದೇ ಆದರೂ ನಡೆಯುವ ಕೆಲಸ ತದ್ವಿರುದ್ಧ. ನೀರು ಒಣಗುವುದೆಂದರೆ ಅದು ಬಟ್ಟೆ ಬಿಟ್ಟು ಗಾಳಿಗೆ ಹೋಗುವುದು. ಹೋಗುವಾಗ ಬಿಸಿಯನ್ನೂ ಒಯ್ಯುತ್ತದೆ, ಬೆವರು ಆರುವಾಗ ಮೈ ತಣ್ಣಗಾಗುವುದು ಅದಕ್ಕೇ. ಅಗಸೆ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಅದು ಇದ್ದಲ್ಲೇ ಇದ್ದು ಗಾಳಿಯ ಆಮ್ಲಜನಕವನ್ನು ಒಳಗೆ ಎಳೆದುಕೊಂಡು ಗಟ್ಟಿಯಾಗುತ್ತದೆ. ಮುಚ್ಚಳ ತೆಗೆದಿಟ್ಟ ಪೇಂಟ್ ಡಬ್ಬಿಯ ಮೇಲೆ ಹಾಲಿನ ಕೆನೆಯಂತೆ ಪದರ ಕಟ್ಟುತ್ತದಲ್ಲ, ಅದೇ ಇದು. ಆಮ್ಲಜನಕ ಸೇರುವಾಗ ಬಿಸಿ ಹುಟ್ಟುತ್ತದೆ. ಒಲೆಯಲ್ಲಿ ಸೌದೆ ಉರಿಯುವುದೂ ಮೂಲದಲ್ಲಿ ಈ ಕೆಲಸವೇ. ಅಲ್ಲಿ ನಿಮಿಷಗಳಲ್ಲಿ ಆಗುವುದು ಇಲ್ಲಿ ಗಂಟೆಗಳಲ್ಲಿ, ದಿನಗಳಲ್ಲಿ ಆಗುತ್ತದೆ, ಅಷ್ಟೇ ವ್ಯತ್ಯಾಸ.

ನಿಮ್ಮ ಬಾಗಿಲಿನ ಮೇಲೆ ಇದು ಈಗಲೂ ನಡೆಯುತ್ತಿದೆ. ಅಲ್ಲಿ ಎಣ್ಣೆ ತೆಳ್ಳಗೆ ಹರಡಿರುವುದರಿಂದ ಹುಟ್ಟಿದ ಬಿಸಿ ಮರಕ್ಕೂ ಗಾಳಿಗೂ ಹೋಗಿಬಿಡುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ. ಬಟ್ಟೆಯ ಕಥೆ ಹಾಗಲ್ಲ. ಬನಿಯನ್ ಬಟ್ಟೆಯ ಒಂದೊಂದು ನೂಲಿನ ಸುತ್ತಲೂ ಎಣ್ಣೆಯ ತೆಳು ಪದರವಿರುತ್ತದೆ. ಹಾಗಾಗಿ ಗಾಳಿ ತಾಕುವ ಮೈ ಬಾಗಿಲಿಗಿಂತ ಎಷ್ಟೋ ಪಾಲು ಹೆಚ್ಚು. ಅದನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದಾಗ ಹೊರಗಿನ ಬಟ್ಟೆಗಳು ನಡುವಿನ ಬಟ್ಟೆಗೆ ಕಂಬಳಿ ಹೊದಿಸಿದಂತಾಗುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ. ಇಂಥ ರಾಸಾಯನಿಕ ಕೆಲಸಗಳ ವೇಗ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸರಿಸುಮಾರು ಇಮ್ಮಡಿಯಾಗುತ್ತದೆ. ಬಿಸಿ ಏರಿದಷ್ಟೂ ಎಣ್ಣೆ ಬೇಗ ಒಣಗುತ್ತದೆ, ಬೇಗ ಒಣಗಿದಷ್ಟೂ ಇನ್ನಷ್ಟು ಬಿಸಿ. ಕೊನೆಗೆ ನಡುವಿನ ಬಟ್ಟೆ ಕಂದುತ್ತದೆ, ಕರಕಾಗುತ್ತದೆ, ಕೆಂಡವಾಗುತ್ತದೆ.

ತಿಪ್ಪೆಯಿಂದ ಚಳಿಗಾಲದ ಬೆಳಿಗ್ಗೆ ಹಬೆ ಏಳುವುದನ್ನು ನೋಡಿದ್ದೀರಿ. ಹಸಿ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಕಾವು ಏರುತ್ತದೆ ಅಂತ ಹಿರಿಯರು ಮೆದೆಯೊಳಗೆ ಕೈ ತೂರಿಸಿ ನೋಡುತ್ತಿದ್ದರು. ಅಲ್ಲಿ ಕಾವು ಶುರುವಾಗುವುದು ಸೂಕ್ಷ್ಮಜೀವಿಗಳಿಂದ, ಇಲ್ಲಿ ನೇರ ಎಣ್ಣೆಯಿಂದ. ಉಳಿದಂತೆ ಸಂಗತಿ ಒಂದೇ: ಹುಟ್ಟಿದ ಬಿಸಿಗೆ ಹೊರಗೆ ದಾರಿ ಇಲ್ಲದಿರುವುದು.

ಡಬ್ಬಿಯ ಮೇಲಿನ ಹೆಸರಿನ ಬಗ್ಗೆ ಒಂದು ಮಾತು. ‘ಡಬಲ್ ಬಾಯಿಲ್ಡ್’ ಎಂದರೆ ಚೆನ್ನಾಗಿ ಕುದಿಸಿ ನಿರಪಾಯ ಮಾಡಿದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಜ ಇದಕ್ಕೆ ಉಲ್ಟಾ. ಬೇಗ ಒಣಗಲಿ ಅಂತ ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಹಸಿ ಅಗಸೆ ಎಣ್ಣೆ ದಿನಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಇದು ಒಂದು ದಿನದ ಆಸುಪಾಸಿನಲ್ಲಿ ಮುಗಿಸುತ್ತದೆ. ಅಂದರೆ ಅಷ್ಟೂ ಬಿಸಿ ಕಡಿಮೆ ಹೊತ್ತಿನಲ್ಲಿ ಹೊರಬೀಳುತ್ತದೆ.

ನಿಮ್ಮ ಕಾರಿನಲ್ಲಿ ಆದದ್ದನ್ನು ಹೀಗೆ ಜೋಡಿಸಬಹುದು. ಸಂಜೆ ಚೀಲ ಡಿಕ್ಕಿಗೆ ಹೋಯಿತು. ಆಲ್ದೂರಿನ ರಾತ್ರಿಯ ಚಳಿ ಅದನ್ನು ತಡೆದು ನಿಲ್ಲಿಸಿತು. ಎಣ್ಣೆ ನಿಧಾನಕ್ಕೆ ಒಣಗುತ್ತಿತ್ತು, ಹುಟ್ಟಿದ ಬಿಸಿ ಸೋರಿಹೋಗುತ್ತಿತ್ತು. ಬೆಳಿಗ್ಗೆ ಗಾಜು ಏರಿಸಿಕೊಂಡು ಹೊರಟಿರಿ. ಬೇಲೂರಿನ ಹೊತ್ತಿಗೆ ವಾಸನೆ ಬಂತು. ಅಗಸೆ ಎಣ್ಣೆ ಕಾಯುವಾಗ ಬರುವ ವಾಸನೆ ಅದು, ಗಂಟಲಿಗೆ ತಾಗುವಂಥದ್ದು. ಹಾಸನದಲ್ಲಿ ಹತ್ತು ಗಂಟೆಯಿಂದ ಬಿಸಿಲು. ಮುಚ್ಚಿದ ಕಾರಿನ ಒಳಗಿನ ಶಾಖ ಒಂದು ಗಂಟೆಯೊಳಗೆ ಹೊರಗಿಗಿಂತ 20 ಡಿಗ್ರಿ ಹೆಚ್ಚಾಗುವುದು ಮಾಮೂಲು. ಹೊರಗೆ 30 ಇದ್ದರೆ ಒಳಗೆ 50. ಆ ಇಪ್ಪತ್ತು ಡಿಗ್ರಿಯೇ ಒಣಗುವ ವೇಗವನ್ನು ನಾಲ್ಕು ಪಟ್ಟು ಮಾಡಿತು. ನೇಯ್ದ ಗೊಬ್ಬರದ ಚೀಲವೂ ಅನುಕೂಲವಾಗಿಯೇ ಒದಗಿತು. ಪೂರ್ತಿ ಗಾಳಿ ಆಡಿದ್ದರೆ ಬಟ್ಟೆ ತಣ್ಣಗಾಗುತ್ತಿತ್ತು, ಪೂರ್ತಿ ಗಾಳಿ ಕಟ್ಟಿದ್ದರೆ ಎಣ್ಣೆಗೆ ಆಮ್ಲಜನಕ ಸಿಗುತ್ತಿರಲಿಲ್ಲ. ನೇಯ್ಗೆಯ ಸಂದಿ ಇವೆರಡರ ನಡುವಿನದು.

ಹಾಗಾದರೆ ವೈರಿಂಗ್ ಅಲ್ಲ ಎಂದು ತಿಳಿಯುವುದು ಹೇಗೆ? ಇದಕ್ಕೆ ನನ್ನದೇ ಒಂದು ತಪ್ಪಿನಿಂದ ಶುರುಮಾಡುತ್ತೇನೆ. ಬಹಳ ವರ್ಷದ ಹಿಂದೆ ಸಕಲೇಶಪುರದ ಕಡೆ ಒಂದು ಮರಗೆಲಸದ ಅಂಗಡಿಯ ವ್ಯಾನು ರಾತ್ರಿ ಶೆಡ್ಡಿನಲ್ಲೇ ಒಳಗಿನಿಂದ ಸುಟ್ಟಿತು. ಕೆಲಸದ ಹುಡುಗನೊಬ್ಬ ಸಂಜೆ ವ್ಯಾನಿನ ಹಿಂದೆ ಕೂತು ಬೀಡಿ ಸೇದಿದ್ದನ್ನು ಕಂಡವರಿದ್ದರು. ನಾನೂ ಹೆಚ್ಚು ಕೆದಕಲಿಲ್ಲ, ‘ಉರಿಯುವ ಬೀಡಿತುಂಡಿನಿಂದ’ ಎಂದು ಬರೆದೆ. ಹುಡುಗ ಕೆಲಸ ಕಳೆದುಕೊಂಡ. ಎರಡು ವರ್ಷದ ನಂತರ ಅಂಥದೇ ಇನ್ನೊಂದು ಗಾಡಿ ನೋಡುವಾಗ ಸುಟ್ಟ ಬಟ್ಟೆಯ ಮುದ್ದೆಯನ್ನು ಮೊದಲ ಬಾರಿ ಬಿಚ್ಚಿ ನೋಡಿದೆ. ಆಗ ಹಳೆಯ ಫೋಟೋಗಳನ್ನು ತೆಗೆದು ನೋಡಿದರೆ ಅದೇ ಮುದ್ದೆ, ಅದೇ ಜಾಗ. ಹುಡುಗನನ್ನು ಹುಡುಕಿದೆ, ಊರು ಬಿಟ್ಟಿದ್ದ. ಆ ಭಾರ ನನ್ನ ಮೇಲೆ ಇನ್ನೂ ಇದೆ.

ಆ ಮುದ್ದೆ ಹೇಗಿರುತ್ತದೆ ಎಂದರೆ, ಮೇಲಿನ ಪದರ ಕಂದು ಬಣ್ಣಕ್ಕೆ ತಿರುಗಿ ರೊಟ್ಟಿಯಂತೆ ಗಡುಸಾಗಿರುತ್ತದೆ. ನೇಯ್ಗೆ ಇನ್ನೂ ಕಾಣುತ್ತದೆ, ಎಲ್ಲೋ ಒಂದು ಕಡೆ ಬನಿಯನ್ನಿನ ಹೊಲಿಗೆಯೂ ಉಳಿದಿರುತ್ತದೆ. ಒಂದೊಂದೇ ಪದರ ಬಿಡಿಸಿದರೆ ಅಂಟು ಹಾಕಿದಂತೆ ಕಿತ್ತು ಬರುತ್ತದೆ. ಒಳಗೆ ಹೋದಂತೆ ಕಪ್ಪು, ಇನ್ನೂ ಒಳಗೆ ಹೋದರೆ ಮುಟ್ಟಿದರೆ ಪುಡಿಯಾಗುವ ಇದ್ದಿಲು, ನಟ್ಟನಡುವೆ ಬೂದಿ. ಹೊರಗಿನಿಂದ ಬೆಂಕಿ ತಾಗಿದ್ದರೆ ಇದು ತಿರುಗುಮುರುಗಾಗಿ, ಹೊರಗೆ ಬೂದಿ, ಒಳಗೆ ಅರೆಬೆಂದ ಬಟ್ಟೆ ಇರಬೇಕಿತ್ತು. ವೈರಿನ ಬೆಂಕಿಗೆ ಬೇರೆ ಗುರುತಿದೆ. ಶಾರ್ಟ್ ಆದ ತಾಮ್ರದ ತುದಿ ಸಣ್ಣ ಮಣಿಯಂತೆ ಉಂಡೆ ಕಟ್ಟಿರುತ್ತದೆ, ಮಣಿಯ ಪಕ್ಕದ ತಂತಿ ನುಣುಪಾಗಿಯೇ ಉಳಿದಿರುತ್ತದೆ. ಬೇರೆ ಬೆಂಕಿಯಿಂದ ಪ್ಲಾಸ್ಟಿಕ್ ಸುಟ್ಟಾಗಲೂ ವೈರುಗಳು ಒಂದಕ್ಕೊಂದು ತಾಗಿ ಇಂಥ ಮಣಿ ಆಗಬಹುದು, ಆದ್ದರಿಂದ ಮಣಿ ಕಂಡ ಮಾತ್ರಕ್ಕೆ ತೀರ್ಮಾನಿಸಬಾರದು. ಅತಿ ಆಳವಾಗಿ ಸುಟ್ಟ ಜಾಗ ಯಾವುದು ಎಂಬುದೇ ಮುಖ್ಯ. ನಿಮ್ಮಲ್ಲಿ ಅದು ಚೀಲವಿಟ್ಟ ಜಾಗ, ಸೀಟು ಸುಟ್ಟಿರುವುದು ಹಿಂಬದಿಯಿಂದ. ಬೀಡಿತುಂಡು ಬಿದ್ದಿದ್ದರೆ ಸೀಟಿನ ಮೇಲ್ಭಾಗದಲ್ಲಿ, ಮ್ಯಾಟಿನಲ್ಲಿ ಗುಂಡಿ ಕಾಣಬೇಕು. ನನ್ನ ಮಾತೇ ಕೊನೆಯಲ್ಲ, ನಿಮ್ಮ ಸರ್ವೇಯರ್ ಕಣ್ಣಾರೆ ನೋಡಲಿ. ಅಲ್ಲಿಯತನಕವಾದರೂ ಡ್ರೈವರ್ ಹುಡುಗನ ಮೇಲೆ ಆ ಮಾತು ಬೇಡ. ಮೈದುನರಿಗೆ ಹೇಳಿ ಅವನನ್ನು ಕರೆಸಿಕೊಳ್ಳಿ.

ಅತ್ತೆಯವರಿಗೆ ಆ ಸುಟ್ಟ ಮುದ್ದೆಯನ್ನೇ ತೋರಿಸಿ. ಹಳೇ ಮನೆಯಲ್ಲಿ ಬದುಕಿದವರು, ಮೆದೆಯ ಕಾವು ಬಲ್ಲವರು. ನನ್ನ ವಿವರಣೆಗಿಂತ ಬೇಗ ಅವರಿಗೆ ಅರ್ಥವಾಗುತ್ತದೆ.

ಆಚಾರ್ರು ಸುಳ್ಳು ಹೇಳುತ್ತಿಲ್ಲ. ಮೂವತ್ತು ವರ್ಷದಲ್ಲಿ ಅವರು ಮಾಡಿದ ಬಹುಪಾಲು ಕೆಲಸ ಫ್ರೆಂಚ್ ಪಾಲಿಶ್ ಇದ್ದಿರಬೇಕು, ಅಂದರೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಸ್ಪಿರಿಟ್ ಆವಿಯಾಗಿ ಹೋಗುತ್ತದೆ. ಕಡ್ಡಿ ಗೀರಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ ನಿಜ, ತಾನಾಗಿ ಬಿಸಿಯಾಗುವುದಿಲ್ಲ. ಎಣ್ಣೆ ಹಚ್ಚಿದಾಗಲೂ ಬಟ್ಟೆಗಳು ಅಂಗಳದಲ್ಲಿ ಚೆಲ್ಲಾಡಿ ಬಿದ್ದಿರುತ್ತಿದ್ದವು, ಇಲ್ಲವೇ ಅದೇ ಸಂಜೆ ಹಂಡೆ ಒಲೆ ಹಚ್ಚಲು ಹೋಗುತ್ತಿದ್ದವು. ಎಣ್ಣೆ, ರಾಶಿ, ಬಿಸಿಲು ಮೂರೂ ಒಂದೇ ಜಾಗದಲ್ಲಿ ಸೇರಿದ್ದು ಈ ಸಲವೇ. ದೊಡ್ಡ ಗುತ್ತಿಗೆದಾರರಿಗೂ ಇದು ತಪ್ಪಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡವಿತ್ತು. 1991ರ ಫೆಬ್ರವರಿ 23ರಂದು ಅದರ 22ನೇ ಮಹಡಿಯಲ್ಲಿ ಮರದ ಕೆಲಸಕ್ಕೆ ಬಳಸಿ ಬಿಟ್ಟುಹೋದ ಅಗಸೆ ಎಣ್ಣೆಯ ಬಟ್ಟೆಗಳು ಹೊತ್ತಿಕೊಂಡವು. ಮೂವರು ಅಗ್ನಿಶಾಮಕರು ಸತ್ತರು. ತಾನಾಗಿ ನೀರು ಚಿಮುಕಿಸುವ ವ್ಯವಸ್ಥೆ ಇದ್ದ 30ನೇ ಮಹಡಿಗೆ ಬಂದಾಗಲೇ ಆ ಬೆಂಕಿ ನಿಂತದ್ದು.

ಇನ್ನು ಜೀಪಿನ ಎಂಜಿನ್ ಆಯಿಲ್ ಬಟ್ಟೆ. ಎಲ್ಲರೂ ಹೆದರುವುದು ಆ ಕಪ್ಪು, ಗಲೀಜು ಬಟ್ಟೆಗೆ. ತಾನಾಗಿ ಹೊತ್ತಿಕೊಳ್ಳುವ ವಿಷಯದಲ್ಲಿ ಅದು ನಿರಪರಾಧಿ. ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ನೆಲದಿಂದ ತೆಗೆದವು. ಸಾಮಾನ್ಯ ಶಾಖದಲ್ಲಿ ಅವು ಹೀಗೆ ಆಮ್ಲಜನಕ ಎಳೆದುಕೊಳ್ಳುವುದಿಲ್ಲ. ಒಮ್ಮೆ ಮನೆಯ ಹಿತ್ತಲಲ್ಲಿ, ಬಿಸಿಲಿಗೆ, ಎರಡು ರಟ್ಟಿನ ಡಬ್ಬಿ ಇಟ್ಟು ನೋಡಿದೆ. ಒಂದರಲ್ಲಿ ಎಂಜಿನ್ ಆಯಿಲ್ ಬಟ್ಟೆ, ಇನ್ನೊಂದರಲ್ಲಿ ಡಬಲ್ ಬಾಯಿಲ್ಡ್ ಎಣ್ಣೆಯ ಬಟ್ಟೆ, ಎರಡರ ನಡುವೆಯೂ ಥರ್ಮಾಮೀಟರಿನ ಕಡ್ಡಿ. ಮೊದಲನೆಯದು ಸಂಜೆಯವರೆಗೂ ಬಿಸಿಲಿನಷ್ಟೇ ಬಿಸಿಯಾಗಿತ್ತು. ಎರಡನೆಯದು ಮೂರು ಗಂಟೆಯೊಳಗೆ 100 ಡಿಗ್ರಿ ದಾಟಿ ಹೊಗೆಯಾಡಿತು. ನೀರಿನ ಪೈಪು ಕೈಯಲ್ಲೇ ಹಿಡಿದಿದ್ದೆ. ದಯವಿಟ್ಟು ಯಾರೂ ಇದನ್ನು ಮಾಡಿ ನೋಡಬೇಡಿ.

ಆದರೆ ಎಂಜಿನ್ ಆಯಿಲ್ ಬಟ್ಟೆ ಬೇರೆ ದಾರಿಯಲ್ಲಿ ಗಾಡಿ ಸುಡುತ್ತದೆ. ಆಯಿಲ್ ಬದಲಿಸಿದವರು ಬಟ್ಟೆಯನ್ನು ಬಾನೆಟ್ ಒಳಗೇ ಮರೆತರೆ, ಅದು ಜಾರಿ ಎಕ್ಸಾಸ್ಟ್ ಪೈಪಿನ ಮೇಲೆ ಬಿದ್ದರೆ, ಘಾಟಿ ಹತ್ತುವಾಗ ಹೊತ್ತಿಕೊಳ್ಳುತ್ತದೆ. ಸರ್ವಿಸ್ ಆದಮೇಲೆ ಬಾನೆಟ್ ಎತ್ತಿ ಒಮ್ಮೆ ಕಣ್ಣಾಡಿಸಿ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆ ಮೇಲೆ ಹರಡುವ ಹುರುಳಿ ಸೊಪ್ಪು ಕಾರಿನ ತಳಕ್ಕೆ ಸುತ್ತಿಕೊಂಡು ಸುಡುವುದೂ ಇದೇ ಬಗೆಯದು, ಅಲ್ಲಿಯೂ ಬಿಸಿ ಗಾಡಿಯದೇ. ಸ್ಯಾನಿಟೈಸರ್ ಬಾಟಲಿ ಬಿಸಿಲಿಗೆ ತಾನೇ ಹೊತ್ತಿಕೊಳ್ಳುತ್ತದೆ ಎಂಬುದು ಸುಳ್ಳು, ಅದಕ್ಕೆ ಕಿಡಿ ಬೇಕು. ಬಾಡಿ ಸ್ಪ್ರೇ ಡಬ್ಬಿ, ಸಿಗರೇಟ್ ಲೈಟರ್ ಬಿಸಿಗೆ ಸಿಡಿಯಬಹುದು ಎಂಬುದು ನಿಜ.

ಯಾವ ಎಣ್ಣೆ ಒಣಗುತ್ತದೆ, ಯಾವುದು ಒಣಗುವುದಿಲ್ಲ ಎನ್ನುವುದಕ್ಕೆ ಅಯೋಡಿನ್ ಮೌಲ್ಯ ಎಂಬ ಅಳತೆ ಇದೆ. ಅಂಕಿ ಹೆಚ್ಚಿದ್ದಷ್ಟೂ ಎಣ್ಣೆ ಆಮ್ಲಜನಕ ಎಳೆಯುವುದು ಹೆಚ್ಚು. ಕೊಬ್ಬರಿ ಎಣ್ಣೆಯದು 10ರ ಆಸುಪಾಸು, ಅದರ ಬಟ್ಟೆಗೆ ಹೆದರಬೇಕಿಲ್ಲ. ಹರಳೆಣ್ಣೆ, ಹೊಂಗೆ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಸುಮಾರು 80ರಿಂದ 100ರ ಒಳಗೆ, ಅವೂ ಒಣಗುವ ಎಣ್ಣೆಗಳಲ್ಲ. ಎಳ್ಳೆಣ್ಣೆ 100 ದಾಟುತ್ತದೆ. ಸೂರ್ಯಕಾಂತಿ ಮತ್ತು ನಮ್ಮ ರಾಗಿ ಹೊಲದ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳು 130ರ ಸುತ್ತಮುತ್ತ, ಅರೆ ಒಣಗುವ ಜಾತಿ. ಅಗಸೆ 170ರಿಂದ 200. ಪಾಲಿಶ್ ಅಂಗಡಿಯಲ್ಲಿ ಟೀಕ್ ಆಯಿಲ್, ಡ್ಯಾನಿಶ್ ಆಯಿಲ್ ಎಂದು ಸಿಗುವುದರಲ್ಲಿ ಸಾಮಾನ್ಯವಾಗಿ ಇಂಥ ಒಣಗುವ ಎಣ್ಣೆಯೇ ಇರುತ್ತದೆ. ಎನಾಮೆಲ್ ಪೇಂಟು, ವಾರ್ನಿಶ್ ಒರೆಸಿದ ಬಟ್ಟೆಯನ್ನೂ ಇದೇ ಸಾಲಿಗೆ ಸೇರಿಸಿ. ಚೆಲ್ಲಿದ ಎಣ್ಣೆಯ ಮೇಲೆ ಹಾಕಿ ಗುಡಿಸಿದ ಮರದ ಹೊಟ್ಟು ಬಟ್ಟೆಯಷ್ಟೇ ಕೆಟ್ಟದ್ದು.

ಅಡುಗೆಮನೆ ಬಟ್ಟೆಯ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು, ಹೋಂಸ್ಟೇಯವರಿಗೆ ಇದು ಬೇಕೇಬೇಕು. ಒಲೆ ಪಕ್ಕ ನೇತಾಡುವ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗದು ಅಂತ ಈಗ ಎಷ್ಟೋ ಹೋಂಸ್ಟೇಗಳು ಡ್ರೈಯರ್ ತಂದಿವೆ. ಸೂರ್ಯಕಾಂತಿ ಎಣ್ಣೆ ಹತ್ತಿದ ಅಡುಗೆ ಬಟ್ಟೆ, ಎಳ್ಳೆಣ್ಣೆ ಅಭ್ಯಂಗದ ಟವೆಲ್ಲು ಇವುಗಳಿಂದ ಎಣ್ಣೆ ಒಗೆದರೂ ಪೂರ್ತಿ ಬಿಡುವುದಿಲ್ಲ. ಡ್ರೈಯರ್ ಅವನ್ನು ಚೆನ್ನಾಗಿ ಕಾಯಿಸಿ ಕೊಡುತ್ತದೆ. ಆ ಬಿಸಿಯಲ್ಲೇ ಮಡಚಿ ಗಂಟು ಕಟ್ಟಿದರೆ, ಅಥವಾ ಕಾರಿನ ಹಿಂದೆ ಪೇರಿಸಿಕೊಂಡು ಹೊರಟರೆ, ಅರೆ ಒಣಗುವ ಎಣ್ಣೆಗೂ ಓಟ ಕೀಳಲು ಅಷ್ಟು ಸಾಕು. ಹೋಟೆಲು, ಸ್ಪಾಗಳ ಲಾಂಡ್ರಿಗಳಲ್ಲಿ ರಾತ್ರಿ ಹೊತ್ತು ಬೆಂಕಿ ಬೀಳುವುದಕ್ಕೆ ಇದು ಗೊತ್ತಿರುವ ಕಾರಣ. ಎಣ್ಣೆ ಬಟ್ಟೆಗಳನ್ನು ಬೇರೆಯಾಗಿ, ಬಿಸಿನೀರು ಮತ್ತು ಜಾಸ್ತಿ ಸೋಪಿನಲ್ಲಿ ಒಗೆಯಿರಿ. ಡ್ರೈಯರಿನ ಕೊನೆಯ ತಣ್ಣಗಾಗುವ ಸುತ್ತನ್ನು ಅವಸರಕ್ಕೆ ನಿಲ್ಲಿಸಬೇಡಿ. ತೆಗೆದ ಬಟ್ಟೆಯನ್ನು ಹರಡಿ, ಕೈಗೆ ತಣ್ಣಗೆ ಸಿಕ್ಕ ಮೇಲೆ ಮಡಚಿ.

ಪಾಲಿಶ್ ಬಟ್ಟೆಯನ್ನು ಕಳೆಯಲು ಇರುವ ದಾರಿಗಳಲ್ಲಿ ನಾನು ಮೊದಲು ಹೇಳುವುದು ಹರಡುವುದನ್ನು. ಬೇಲಿ ತಂತಿಯ ಮೇಲೆ, ಮನೆಯಿಂದ ದೂರ, ಒಂದರ ಮೇಲೊಂದು ಬೀಳದಂತೆ ಒಂದೊಂದಾಗಿ ಹಾಕಿ. ಎರಡು ಮೂರು ದಿನದಲ್ಲಿ ಅದು ಹಪ್ಪಳದಂತೆ ಗಟ್ಟಿಯಾಗುತ್ತದೆ. ಎಣ್ಣೆ ತನ್ನ ಕೆಲಸ ಮುಗಿಸಿತು ಎಂದು ಅದರ ಅರ್ಥ. ಆಮೇಲೆ ಕಸದ ಗಾಡಿಗೆ ಕೊಡಬಹುದು. ತೊಂದರೆ ಗಾಳಿಯದು. ರಾತ್ರಿ ಬಟ್ಟೆಗಳು ಉದುರಿ ಬೇಲಿ ಬುಡದಲ್ಲಿ ಒಂದೆಡೆ ಸೇರಿದರೆ ಮತ್ತೆ ರಾಶಿಯೇ. ಕ್ಲಿಪ್ಪು ಹಾಕಿ. ಮಳೆಗಾಲದಲ್ಲಿ ಈ ದಾರಿ ನಡೆಯದು.

ಮಳೆಗಾಲಕ್ಕೆ ನೀರು. ಮುಚ್ಚಳವಿರುವ ತಗಡಿನ ಡಬ್ಬಿ, ಬಟ್ಟೆ ಪೂರ್ತಿ ಮುಳುಗುವಷ್ಟು ನೀರು, ಸ್ವಲ್ಪ ಸೋಪಿನ ಪುಡಿ. ನೀರಿನಲ್ಲಿರುವಷ್ಟು ದಿನವೂ ಅದು ಸುರಕ್ಷಿತ. ಇಲ್ಲಿರುವ ಮೋಸವೆಂದರೆ ನೀರು ಎಣ್ಣೆಯನ್ನು ಕೊಲ್ಲುವುದಿಲ್ಲ, ತಡೆದಿಡುತ್ತದೆ ಅಷ್ಟೇ. ತೆಗೆದು ಹಿಂಡಿ ಮೂಲೆಗೆ ಎಸೆದರೆ, ನೀರು ಆರಿದ ಮೇಲೆ ಎಣ್ಣೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸುಡುವುದಾದರೆ ಆ ಹೊತ್ತಿಗೇ, ಹಂಡೆ ಒಲೆಗೆ ಒಂದೊಂದೇ ಹಾಕಿ. ನಾಳೆಗೆ ಆಗುತ್ತದೆ ಅಂತ ಒಲೆಯ ಪಕ್ಕ ರಾಶಿ ಇಟ್ಟು ಮಲಗಿದರೆ ಬಚ್ಚಲುಮನೆಯೇ ಹೋಗಬಹುದು. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡುವುದನ್ನು ನಾನು ಒಪ್ಪುವುದೇ ಇಲ್ಲ. ನಿಮ್ಮ ಅಪಾಯವನ್ನು ಪೌರಕಾರ್ಮಿಕರ ಬೆನ್ನಿಗೆ ದಾಟಿಸಿದಂತೆ ಅದು. ಕಾರಿನೊಳಗೆ ಮಾತ್ರ ಯಾವ ರೂಪದಲ್ಲೂ ಬೇಡ. ಸಾಗಿಸಲೇಬೇಕಾದರೆ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ, ಪಿಕಪ್ಪಿನ ತೆರೆದ ಹಿಂಭಾಗದಲ್ಲಿ ಒಯ್ಯಿರಿ.

ಗಾಜು ಒಡೆದಾಗ ಉರಿ ಎದ್ದದ್ದು ಯಾಕೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಅಲ್ಲಿ ಯಾರ ಮುಖವಾದರೂ ಸುಡಬಹುದಿತ್ತು. ಮುಚ್ಚಿದ ಕಾರಿನಲ್ಲಿ ಬೆಂಕಿ ಒಳಗಿನ ಆಮ್ಲಜನಕ ತಿಂದು ಮುಗಿಸಿ ಹೊಗೆಯಾಡುತ್ತ ಕೂತಿತ್ತು. ಆ ಹೊಗೆಯೂ ಉರಿಯುವಂಥದ್ದೇ. ಗಾಜು ಒಡೆದ ಕ್ಷಣ ಬೇಕಾದ ಗಾಳಿ ಸಿಕ್ಕಿತು. ಒಳಗೆ ಜನರಿಲ್ಲ ಎಂದು ಖಚಿತವಾದರೆ ಹೊಗೆ ತುಂಬಿದ ಕಾರನ್ನು ತೆರೆಯಲು ಹೋಗಬೇಡಿ. ಸುತ್ತಲಿನವರನ್ನು ದೂರ ಸರಿಸಿ 112ಕ್ಕೆ ಕರೆ ಮಾಡಿ. ಸೀಟಿನ ಸ್ಪಂಜು ಸುಟ್ಟರೆ ಇಂಗಾಲದ ಮಾನಾಕ್ಸೈಡ್ ಜೊತೆ ಸಯನೈಡ್ ಅನಿಲವೂ ಬರುತ್ತದೆ. ಬ್ಯಾಗು ತೆಗೆಯಲು ಅಂತ ತಲೆ ಒಳಗೆ ಹಾಕಿದವರು ಎರಡು ಉಸಿರಿಗೆ ಬಿದ್ದಾರು.

ಇನ್ಶೂರೆನ್ಸ್ ವಿಷಯಕ್ಕೆ ಬರೋಣ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ನಿಮ್ಮ ಕಾರಿಗೆ ಏನೂ ಸಿಗುವುದಿಲ್ಲ. ಜನ ‘ಫುಲ್ ಇನ್ಶೂರೆನ್ಸ್’ ಅನ್ನುವ ಪಾಲಿಸಿಯಾದರೆ ಪತ್ರ ತೆಗೆದು ಮೊದಲ ಭಾಗ ಓದಿ. ನಮ್ಮ ದೇಶದ ವಾಹನ ಪಾಲಿಸಿಯ ಮಾದರಿ ಬರಹದಲ್ಲಿ ಬೆಂಕಿ, ಸ್ಫೋಟ, ಸಿಡಿಲಿನ ಜೊತೆಗೆ ‘ಸ್ವಯಂ ದಹನ’ ಎಂಬುದನ್ನೂ ಹೆಸರಿಸಿಯೇ ಸೇರಿಸಿದ್ದಾರೆ. ಆದ್ದರಿಂದ ಆದದ್ದನ್ನು ಆದಂತೆಯೇ ಹೇಳಿ, ಚೀಲ ಇಟ್ಟದ್ದನ್ನು ಮುಚ್ಚಿಡಬೇಡಿ. ಗ್ಯಾರೇಜಿನವರು ಸುಲಭವಾಗಲಿ ಅಂತ ‘ವೈರಿಂಗ್’ ಎಂದು ಬರೆಸಿದರೆ ತೊಡಕೇ ಹೆಚ್ಚು. ವಿದ್ಯುತ್ ಭಾಗಗಳ ಸ್ವಂತ ಕೆಡುಕು ಅದೇ ಪಾಲಿಸಿಯಲ್ಲಿ ಹೊರಗಿಟ್ಟ ಬಾಬತ್ತು. ಹೊರಗೆ ಹಾಕಿಸಿದ ಲೈಟು, ಸೌಂಡ್ ಸಿಸ್ಟಮ್ ಏನಾದರೂ ಇದೆಯೇ ಎಂಬ ಪ್ರಶ್ನೆಗಳೂ ಶುರುವಾಗುತ್ತವೆ. ಇನ್ನೂ ತಿಳಿಸಿಲ್ಲವಾದರೆ ಇವತ್ತೇ ಕಂಪನಿಗೆ ತಿಳಿಸಿ. ಸರ್ವೇಯರ್ ಬರುವವರೆಗೆ ಕಾರು ತೊಳೆಸಬೇಡಿ, ಸೀಟು ಬಿಚ್ಚಿಸಬೇಡಿ. ಸುಟ್ಟ ಮುದ್ದೆಯನ್ನು ಹಾಗೇ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಮನೆಯ ಹೊರಗಿಡಿ, ಅದೇ ನಿಮ್ಮ ಸಾಕ್ಷಿ. ಹಣದ ಲೆಕ್ಕದಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ 50 ಶೇಕಡಾ ಕಳೆಯುತ್ತಾರೆ. ಜೀರೋ ಡೆಪ್ರಿಸಿಯೇಷನ್ ಸೇರಿಸಿದ್ದರೆ ಆ ಮಾತು ಬೇರೆ.

ಕಾರು ಮಾರುವ ಅಗತ್ಯವಿಲ್ಲ. ಆದರೆ ಹಿಂದಿನ ಸೀಟ್ ಬೆಲ್ಟುಗಳನ್ನು, ನೋಡಲು ಚೆನ್ನಾಗಿದ್ದರೂ, ಬದಲಿಸಲೇಬೇಕು. ಶಾಖ ತಿಂದ ಬೆಲ್ಟಿನ ಬಲ ಕಣ್ಣಿಗೆ ಕಾಣುವಂಥದ್ದಲ್ಲ. ಹಿಂದಿನ ದೀಪಗಳಿಗೆ ಹೋಗುವ ವೈರಿನ ಕಟ್ಟನ್ನೂ ಪೂರ್ತಿ ಬಿಚ್ಚಿ ನೋಡಿಸಿ.

ಉಳಿದ ಎರಡು ಬಾಗಿಲಿಗೂ ಅಗಸೆ ಎಣ್ಣೆಯನ್ನೇ ಹಚ್ಚಿಸಿ, ಹಳೇ ಮರಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಆಚಾರ್ರು ಕೆಲಸ ಶುರುಮಾಡುವ ಮೊದಲೇ ಅರ್ಧ ನೀರು ತುಂಬಿದ ತಗಡಿನ ಡಬ್ಬಿಯೊಂದನ್ನು ಅವರ ಕೈಗೆಟಕುವಲ್ಲಿ ಇಡಿ. ಒಂದು ಬಟ್ಟೆ ಕೈಬಿಟ್ಟು ಇನ್ನೊಂದು ಎತ್ತಿಕೊಳ್ಳುವಾಗ ಹಳೆಯದು ನೇರ ಆ ನೀರಿಗೆ ಬೀಳಲಿ, ಮಧ್ಯಾಹ್ನ ಊಟಕ್ಕೆ ಏಳುವಾಗಲೂ ನೆಲದ ಮೇಲೆ ಒಂದೂ ಉಳಿಯದಿರಲಿ. ಸಂಜೆ ಅವರು ಹೊರಟ ಮೇಲೆ ಅವರ ಚೀಲ, ಉಜ್ಜಿದ ಹೊಟ್ಟು, ಬಾಗಿಲ ಹಿಂದಿನ ಮೂಲೆ ಒಮ್ಮೆ ನೀವೇ ನೋಡಿ. ಅವರ ಸ್ಕೂಟರಿನ ಡಿಕ್ಕಿಯನ್ನೂ ತೆರೆದು ತೋರಿಸಲು ಕೇಳಿ. ಬಳಸಿದ ಬಟ್ಟೆ ನಾಳೆಗಿರಲಿ ಅಂತ ಅಲ್ಲಿಡುವ ಅಭ್ಯಾಸ ತುಂಬಾ ಜನಕ್ಕಿದೆ.